ಹಿಂಜವಡಿ ಟ್ರಾಫಿಕ್ಕಿಗೂ ಬೇಕು, ಧಾರವಾಡಕ್ಕೂ ಬೇಕು: ಯಾವ ನೇಕೆಡ್ ಬೈಕ್ ತಗೊಳ್ಳಲಿ?

ಧಾರವಾಡ_ಟು_ವಾಕಡ್

ಎಲ್ಲಾರಿಗೂ ನಮಸ್ಕಾರ. ಊರು ಧಾರವಾಡ, ಇರೋದು ಪುಣೆದ ವಾಕಡ್‌ನಾಗ, ಆಫೀಸು ಹಿಂಜವಡಿ ಐಟಿ ಪಾರ್ಕಿನ ಫೇಜ್ 3. ಕಾಲೇಜಿನಾಗಿದ್ದಾಗ ಕೊಂಡಿದ್ದ 150 ಸಿಸಿ ಗಾಡಿ ಇನ್ನೂ ಗಟ್ಟಿ ಐತಿ, ಆದ್ರ ಇಬ್ಬರು ಕುಂತು ಬ್ಯಾಗ್ ಕಟ್ಟಿ ಖಂಬಾಟ್ಕಿ ಘಾಟ್ ಏರೋ ಹೊತ್ತಿಗೆ ಮೂರನೇ ಗೇರಿನಿಂದ ಮ್ಯಾಲೆ ಹೋಗಂಗಿಲ್ಲ. ಹಿಂದ ಲಾರಿಗಳು ಹಾರ್ನ್ ಹೊಡಕೋತ ಬರತಾವ. ಅದಕ್ಕ ಈ ಸಲ ಒಂದು ಮಿಡಲ್‌ವೇಟ್ ನೇಕೆಡ್ (ಫೇರಿಂಗ್ ಅಂದ್ರ ಮುಂದಿನ ಪ್ಲಾಸ್ಟಿಕ್ ಹೊದಿಕಿ ಇಲ್ಲದ, ನಡುಮಟ್ಟದ ಗಾಡಿ) ತಗೋಳೋದಂತ ಮನಿಯಾಗೂ ಒಪ್ಪ್ಯಾರ.

ಫೇರಿಂಗ್ ಇರೋ ಗಾಡಿ ಬ್ಯಾಡ, ನಡಾ ಬಗ್ಗಿಸಿ ಕೂಡಾಕ ಆಗಂಗಿಲ್ಲ. ಅಡ್ವೆಂಚರ್ ಗಾಡಿ ನನ್ನ 5 ಅಡಿ 6 ಇಂಚಿಗೆ ಎತ್ತರ ಆಗತಾವ. ತಲ್ಯಾಗ ಇರೋದು ಕೆಟಿಎಂ 390 ಡ್ಯೂಕ್, ಟ್ರಯಂಫ್ ಸ್ಪೀಡ್ 400, ರಾಯಲ್ ಎನ್‌ಫೀಲ್ಡ್ ಗೆರಿಲ್ಲಾ 450, ಎಪ್ರಿಲಿಯಾ ಟುವೊನೊ 457. ಇನ್ನೊಂದಿಷ್ಟು ರೊಕ್ಕ ಜೋಡಿಸಿದ್ರ ಟ್ರಯಂಫ್ ಟ್ರೈಡೆಂಟ್ 660, ಇಲ್ಲಾ ಕವಾಸಾಕಿ ಝಡ್650. ವಾರಪೂರ್ತಿ ಹಿಂಜವಡಿ ಟ್ರಾಫಿಕ್, ಹಬ್ಬ ಹುಣ್ಣಿವಿಗೆ ಧಾರವಾಡ, ಮಳಿಗಾಲದಾಗ ತಾಮ್ಹಿಣಿ ಘಾಟ್. ಓಡಿಸಿದಾವ್ರು ಖರೆ ಖರೆ ಹೇಳ್ರಿ: ನಾಲ್ಕುನೂರು ಸಿಸಿ ಸಾಕೋ, ಆರುನೂರಕ್ಕ ಹೋಗಬೇಕೋ?

ಬಾನೇರ್_ಹುಡ್ಗ

390 ಡ್ಯೂಕ್. ಕಣ್ಮುಚ್ಕೊಂಡು ತಗೊಳ್ಳಿ ಗುರು.

ಚಾಕಣ್_ಶಿಫ್ಟ್

ಕಣ್ಮುಚ್ಚಿ ತಗೊಳ್ಳೋ ವಸ್ತು ಅಲ್ಲ ಇದು. ಅಂಕಿ ಇಟ್ಕೊಂಡು ಮಾತಾಡೋಣ.

2023ರಲ್ಲಿ ಬಂದ 390 ಡ್ಯೂಕ್ 399 ಸಿಸಿ. 8,500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) 46 ಪಿಎಸ್ ಪವರ್, 6,500ರಲ್ಲಿ 39 ಎನ್‌ಎಂ ಟಾರ್ಕ್, ಅಂದರೆ ತಿರುಗಿಸೋ ಬಲ. ಸ್ಪೀಡ್ 400 ಎಂಜಿನ್ 398 ಸಿಸಿ, 8,000ದಲ್ಲಿ 40 ಪಿಎಸ್, 6,500ರಲ್ಲಿ 37.5 ಎನ್‌ಎಂ. ಗೆರಿಲ್ಲಾ 452 ಸಿಸಿ, ಅದಕ್ಕೂ 40 ಪಿಎಸ್ಸೇ, ಆದರೆ 40 ಎನ್‌ಎಂ ಟಾರ್ಕ್ 5,500ಕ್ಕೇ ಬಂದುಬಿಡುತ್ತೆ.

ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತೋ ಅಷ್ಟು ದೊಡ್ಡ ಅಂಕಿ ಬ್ರೋಷರ್‌ನಲ್ಲಿ ಬರುತ್ತೆ. ವಾಕಡ್ ಬ್ರಿಡ್ಜಿಂದ ಫೇಜ್ 3 ಮುಟ್ಟೋವರೆಗೆ ನಿಮ್ಮ ಗಾಡಿ 8,500 ನೋಡೋದೇ ಇಲ್ಲ. 2,500ರಿಂದ 4,500ರ ಒಳಗೇ ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡನೇ ಗೇರು. ಆ ಜಾಗದಲ್ಲಿ ಯಾವ ಎಂಜಿನ್ ತಕರಾರಿಲ್ಲದೆ ಎಳೆಯುತ್ತೋ ಅದನ್ನ ತಗೊಳ್ಳಿ. ಘಾಟ್‌ನಲ್ಲಿ ಇಬ್ಬರು ಕೂತಾಗಲೂ ಕೆಲಸಕ್ಕೆ ಬರೋದು ಅದೇ ಟಾರ್ಕು.

ಇಷ್ಟೆಲ್ಲ ಗಾಡಿ ಹುಟ್ಟೋದು ನಮ್ಮ ಸುತ್ತಮುತ್ತಲೇ. ಡ್ಯೂಕ್, ಸ್ಪೀಡ್ 400 ಎರಡೂ ಬಜಾಜ್‌ನ ಚಾಕಣ್ ಘಟಕದಲ್ಲಿ, ಟುವೊನೊ 457 ಬಾರಾಮತಿಯಲ್ಲಿ. ಕವಾಸಾಕಿಯೂ ಚಾಕಣ್‌ನಲ್ಲೇ ಇದೆ. ಪುಣೆಯವರಿಗೆ ಎಲ್ಲವನ್ನೂ ಓಡಿಸಿ ನೋಡೋ ಭಾಗ್ಯ ಇದೆ, ಅದನ್ನ ಬಳಸ್ಕೊಳ್ಳಿ.

ಬಾನೇರ್_ಹುಡ್ಗ

ಟಾರ್ಕ್ ಸರಿ, ಮಿಕ್ಕಿದ್ದೆಲ್ಲಾ ಯಾಕೆ ಬಿಟ್ರಿ? ಡ್ಯೂಕ್‌ನಲ್ಲಿ ಕಾರ್ನರಿಂಗ್ ಎಬಿಎಸ್, ಹಿಂದಿನ ಚಕ್ರ ಜಾರದಂಗೆ ನೋಡ್ಕೊಳ್ಳೋ ಟ್ರ್ಯಾಕ್ಷನ್ ಕಂಟ್ರೋಲ್, ಕ್ಲಚ್ ಹಿಡೀದೆ ಗೇರು ಏರಿಸೋಕೂ ಇಳಿಸೋಕೂ ಆಗೋ ಕ್ವಿಕ್‌ಶಿಫ್ಟರ್, ಮುಂದೆ ಹಿಂದೆ ಅಡ್ಜಸ್ಟ್ ಮಾಡೋಕಾಗೋ ಡಬ್ಲ್ಯೂಪಿ ಕಂಪನಿ ಸಸ್ಪೆನ್ಷನ್, 15 ಲೀಟರ್ ಟ್ಯಾಂಕು. 168 ಕೆ.ಜಿ. ತೂಕ. ಸ್ಪೀಡ್ 400ಕ್ಕೆ ಕ್ವಿಕ್‌ಶಿಫ್ಟರ್ ಇಲ್ಲ, ಮುಂದಿನ ಫೋರ್ಕ್ ಅಡ್ಜಸ್ಟ್ ಆಗಲ್ಲ. ಗೆರಿಲ್ಲಾ ಟ್ಯಾಂಕು ಬರೀ 11 ಲೀಟರು, ತೂಕ 185ರ ಹತ್ರ. ಧಾರವಾಡಕ್ಕೆ ಹೋಗೋರು 11 ಲೀಟರ್ ಇಟ್ಕೊಂಡು ಎಷ್ಟು ಬಂಕ್‌ನಲ್ಲಿ ನಿಲ್ತಾರೆ?

ಬೆಳಗಾವಿ_ಬುಲೆಟ್

ಅಲ್ರಿ, ಪುಣೆದಿಂದ ಕೊಲ್ಹಾಪುರ ತನಕ ಬಂಕಿಗೆ ಏನ್ ಕೊರತಿ ಐತ್ರಿ? ನಾಷ್ಟಾಕ್ಕ ನಿಂತಾಗ ಎಣ್ಣಿ ಹಾಕಸೋದು. ಟ್ಯಾಂಕಿನ ಮಾತು ಬಿಡ್ರಿ, ಸೀಟಿನ ಮಾತು ಆಡ್ರಿ. ಎರಡು ತಾಸು ಕುಂತ ಮ್ಯಾಲೆ ಯಾವ ಸೀಟು ಉರಿಯಂಗಿಲ್ಲ ಅದು ಛಲೋ ಗಾಡಿ.

ನಾ ಹೇಳೋದು ಇಂಟರ್‌ಸೆಪ್ಟರ್ 650. ಪಟ್ಟಿಯೊಳಗ ಯಾಕ ಹಾಕಿಲ್ಲ? 648 ಸಿಸಿ, ಎರಡು ಸಿಲಿಂಡರ್, 52 ಎನ್‌ಎಂ. ಗೇರು ಹಾಕೋದ ಮರತು ಹೋಗತೈತಿ, ಅಷ್ಟು ಎಳಿತೈತಿ.

ಚಾಕಣ್_ಶಿಫ್ಟ್

ಎಳೆಯೋದರಲ್ಲಿ ಎರಡು ಮಾತಿಲ್ಲ. ಆದರೆ ಅದು 200 ಕೆ.ಜಿ.ಗೂ ಮೇಲೆ ತೂಗುತ್ತೆ, ಗಾಳಿ ಮತ್ತು ಆಯಿಲ್‌ನಿಂದ ತಣಿಯೋ ಎಂಜಿನ್ನು. ದಿನಾ ಹಿಂಜವಡಿಯಲ್ಲಿ ಮುಂದಕ್ಕೆ ಎರಡು ಹೆಜ್ಜೆ, ನಿಲ್ಲು, ಮತ್ತೆ ಎರಡು ಹೆಜ್ಜೆ ಅಂತ ಹೋಗೋರಿಗೆ ಆ ತೂಕ ಸಂಜೆ ಹೊತ್ತಿಗೆ ಮಣಿಕಟ್ಟಿನಲ್ಲಿ ಗೊತ್ತಾಗುತ್ತೆ.

ಕುಡ್ಲದ_ಟ್ರಿಪಲ್

ಎಂಜಿನ್ ಬಗ್ಗೆ ಮಾತು ಬಂತಲ್ಲ, ನಾನೂ ಸ್ವಲ್ಪ ಹೇಳ್ತೇನೆ ಮಾರಾಯ್ರೆ. ನನ್ನ ಹತ್ತಿರ ಸ್ಟ್ರೀಟ್ ಟ್ರಿಪಲ್ 765 ಆರ್ ಉಂಟು. ನಿಮ್ಮ ಬಜೆಟ್ಟಿಗೆ ಅದು ಬರುವುದಿಲ್ಲ, ಗೊತ್ತು. ಆದರೆ ಸಿಲಿಂಡರ್ ಒಂದಾ, ಎರಡಾ, ಮೂರಾ ಎನ್ನುವುದರಿಂದ ಗಾಡಿಯ ಸ್ವಭಾವವೇ ಬದಲಾಗ್ತದೆ, ಅದು ಗೊತ್ತಿರಬೇಕು.

ಒಂದು ಸಿಲಿಂಡರ್ ಅಂದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಎರಡು ಸುತ್ತು ಬರುವಾಗ ಒಮ್ಮೆ ಮಾತ್ರ ಹೊಡೆತ, ಅಂದರೆ ಇಂಧನ ಉರಿದು ಪಿಸ್ಟನ್ ತಳ್ಳುವುದು. ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರು ಹಾಕಿದರೆ ಚೈನು ಕಟಕಟ ಅಂತದೆ, ಗಾಡಿ ನಡುಗ್ತದೆ. ಡ್ಯೂಕ್, ಸ್ಪೀಡ್, ಗೆರಿಲ್ಲಾ ಮೂರೂ ಸಿಂಗಲ್. ಟುವೊನೊ 457 ಎರಡು ಸಿಲಿಂಡರ್, ಅದರ ಕ್ರ್ಯಾಂಕ್ 270 ಡಿಗ್ರಿ. ಹೊಡೆತ ಸಮ ಅಂತರದಲ್ಲಿ ಬೀಳುವುದಿಲ್ಲ, ಹಾಗಾಗಿ ವಿ-ಟ್ವಿನ್ (ವಿ ಆಕಾರದಲ್ಲಿ ಎರಡು ಸಿಲಿಂಡರ್) ತರಹದ ಶಬ್ದ. ಇಂಟರ್‌ಸೆಪ್ಟರ್ ಸಹ 270. ಝಡ್650ಯದ್ದು 180 ಡಿಗ್ರಿ, ಅದರ ಲಯವೇ ಬೇರೆ, ಮೇಲಿನ ಆರ್‌ಪಿಎಂ ಕಡೆಗೆ ಓಡುವ ಆಸೆ ಜಾಸ್ತಿ. ಮೂರು ಸಿಲಿಂಡರಿನ ಟ್ರಿಪಲ್‌ನಲ್ಲಿ 240 ಡಿಗ್ರಿಗೊಂದು ಹೊಡೆತ, ಸಮವಾಗಿ. ಕೆಳಗೆ ಟ್ವಿನ್ ತರಹ ಎಳೀತದೆ, ಮೇಲೆ ನಾಲ್ಕು ಸಿಲಿಂಡರ್ ತರಹ ಹಾಡ್ತದೆ. ಟ್ರೈಡೆಂಟ್ 660 ಅದೇ ಜಾತಿ: 2025ರ ಮಾಡೆಲ್ಲಿಗೆ 81 ಪಿಎಸ್, 64 ಎನ್‌ಎಂ, ಸೀಟು 805 ಮಿ.ಮೀ. ನಿಮ್ಮ ಎತ್ತರಕ್ಕೆ ತೊಂದರೆ ಇಲ್ಲ.

ನನ್ನ ಮಾತು ಕೇಳುವುದಾದರೆ ಆರು ತಿಂಗಳು ಕಾದು ಟ್ರೈಡೆಂಟೇ ತೆಗೊಳ್ಳಿ.

ಸೊಲ್ಲಾಪುರ_ಸಿಂಗಲ್

ಸಿಂಗಲ್ ನಡಗತೈತಿ ಅಂತ ಹೇಳಬ್ಯಾಡ್ರಿ. ಗೇರು ಸರಿ ಹಾಕಿದ್ರ ಯಾವ ಗಾಡಿನೂ ನಡಗಂಗಿಲ್ಲ. 35 ಕಿ.ಮೀ. ವೇಗದಾಗ ನಾಲ್ಕನೇ ಗೇರು ಹಾಕಿ ಎಂಜಿನ್ ಬೈಯೋದು ಯಾವ ನ್ಯಾಯ?

ಕುಡ್ಲದ_ಟ್ರಿಪಲ್

ಟ್ರಾಫಿಕ್ಕಿನಲ್ಲಿ ಗೇರು ಹಾಕುತ್ತಾ ಕೂರುವುದೇ ಕಷ್ಟ ಅಲ್ಲವಾ? ಟ್ರಿಪಲ್‌ನಲ್ಲಿ ಮೂರನೇ ಗೇರಿನಲ್ಲಿ 25ಕ್ಕೂ ಹೋಗ್ತೇನೆ, 80ಕ್ಕೂ ಹೋಗ್ತೇನೆ. ಎಡಗೈಗೆ ಆರಾಮ.

ಕೊತ್ರೂಡ್_ಸವಾರಿಣಿ

ಎಲ್ಲರೂ ಎಂಜಿನ್ ಬಗ್ಗೆನೇ ಹೇಳ್ತಿದೀರ. ಹಿಂದೆ ಕೂರೋರನ್ನ ಯಾರೂ ಕೇಳಲೇ ಇಲ್ಲ. ಅವರು ಇಬ್ಬರು ಹೋಗ್ತೀವಿ ಅಂತ ಮೊದಲೇ ಬರ್ದಿದಾರಲ್ಲ.

ನೇಕೆಡ್ ಬೈಕುಗಳ ದೊಡ್ಡ ತೊಂದರೆ ಹಿಂದಿನ ಸೀಟು ಕಣ್ರೀ. ಬಾಲ ಚೂಪಾಗಿ ಮೇಲಕ್ಕೆ ಎದ್ದಿರುತ್ತೆ, ಸೀಟು ಅಂಗೈ ಅಗಲ, ಫುಟ್‌ರೆಸ್ಟ್ ಎಷ್ಟು ಮೇಲೆ ಅಂದ್ರೆ ಮೊಣಕಾಲು ಎದೆ ಹತ್ರ ಬರುತ್ತೆ. ಬ್ರೇಕ್ ಹಾಕಿದ ಪ್ರತಿ ಸಲ ಹಿಂದಿನವರು ಮುಂದಕ್ಕೆ ಜಾರ್ತಾರೆ, ಓಡಿಸೋರ ಸೊಂಟದ ಮೇಲೆ ಅಷ್ಟೂ ಭಾರ. ನಿಮ್ಮ ಹೆಂಡ್ತಿನ ಕರ್ಕೊಂಡೇ ಟೆಸ್ಟ್ ರೈಡ್‌ಗೆ ಹೋಗಿ. ಶೋರೂಮ್ ಮುಂದೆ ಒಂದು ಸುತ್ತು ಸಾಲದು, ಹಂಪ್ ಇರೋ ರಸ್ತೆಯಲ್ಲಿ ಅರ್ಧ ಗಂಟೆ. ಇಳಿದ ಮೇಲೆ ಅವರು ಏನೂ ಹೇಳದೆ ಕಾಲು ಜಾಡಿಸಿದ್ರೆ ಆ ಗಾಡಿ ಬಿಟ್ಟುಬಿಡಿ. ಹಿಡ್ಕೊಳ್ಳೋಕೆ ಗ್ರ್ಯಾಬ್ ರೈಲ್, ಎಡಗಡೆ ಸೀರೆ ಗಾರ್ಡ್, ಎರಡನ್ನೂ ಕಳಚಿ ಅಂದ ಮಾಡೋಕೆ ಹೋಗ್ಬೇಡಿ.

ಇನ್ನೊಂದು, ಸೀಟಿನ ಎತ್ತರ ಅಂತ ಬರೆಯೋ ಮಿಲಿಮೀಟರ್ ಅರ್ಧ ಸತ್ಯ. ನಾನು 5 ಅಡಿ 3 ಇಂಚು. ನಾನು ಓಡಿಸೋದು ಸ್ಪೀಡ್ 400, ಸೀಟು 790. ಟ್ಯಾಂಕ್ ಸೇರೋ ಕಡೆ ಸೀಟು ಕಿರಿದಾಗಿದ್ರೆ ಕಾಲು ನೇರವಾಗಿ ಕೆಳಗೆ ಬರುತ್ತೆ, ಅಗಲವಾಗಿದ್ರೆ ಅದೇ 790ಕ್ಕೆ ತುದಿಬೆರಳೇ ಗತಿ. ಚಾಂದನಿ ಚೌಕದ ಇಳಿಜಾರಲ್ಲಿ ಸಿಗ್ನಲ್‌ಗೆ ನಿಂತಾಗ ಎಡಗಾಲು ಪೂರ್ತಿ ಊರೋಕಾಗುತ್ತಾ, ಬಲಗಾಲು ಬ್ರೇಕ್ ಮೇಲೇ ಇರೋಕಾಗುತ್ತಾ, ಅದನ್ನ ನೋಡಿ.

ಧಾರವಾಡ_ಟು_ವಾಕಡ್

ಅಕ್ಕಾರ, ಇದು ಭಾಳ ಉಪಯೋಗದ ಮಾತು. ಮನಿಯಾಕಿಗೆ ಓದಿ ಹೇಳಿದೆ. "ಮೊದಲ ಅವರನ್ನ ಕೇಳ್ರಿ, ಯಾವ ಗಾಡಿ ಹಿಂದಿನ ಸೀಟು ಛಲೋ ಐತಿ" ಅಂದ್ಳು.

ಕೊತ್ರೂಡ್_ಸವಾರಿಣಿ

ನಿಮ್ಮ ಪಟ್ಟಿಯಲ್ಲಿ ಗೆರಿಲ್ಲಾ. ಒಂದೇ ಉದ್ದ ಸೀಟು, ಚಪ್ಪಟೆ. ಸ್ಪೀಡ್ 400 ಎರಡನೇದು. ಡ್ಯೂಕ್, ಟುವೊನೊ ಹಿಂದೆ ಕೂತು ಧಾರವಾಡದವರೆಗೆ ನಾನಂತೂ ಬರಲ್ಲ.

ಬೆಳಗಾವಿ_ಬುಲೆಟ್

ಇಂಟರ್‌ಸೆಪ್ಟರ್ ಸೀಟೂ ಚಪ್ಪಟೆ ಐತಿ ಅಕ್ಕಾರ!

ಮಲ್ನಾಡ್_ಪಾಷಾಣ್

ನನಗೆ ಯಾರೂ ಮುಟ್ಟದ ವಿಷಯ ಒಂದಿದೆ. ಬಿಸಿ.

ಲಿಕ್ವಿಡ್ ಕೂಲ್ಡ್ ಎಂಜಿನ್ನಿಗೆ ರೇಡಿಯೇಟರ್ ಇರೋದು ಗಾಳಿ ಸಿಕ್ಕಾಗ ತಣಿಯೋಕೆ. ಸಿಗ್ನಲ್‌ನಲ್ಲಿ ನಿಂತಾಗ ಗಾಳಿ ಇಲ್ಲ, ಫ್ಯಾನ್ ಶುರುವಾಗುತ್ತೆ, ಆ ಬಿಸಿಗಾಳಿ ನೇಕೆಡ್ ಬೈಕಲ್ಲಿ ಅಡ್ಡ ಏನೂ ಇಲ್ಲದೆ ನೇರ ತೊಡೆ, ಮೊಣಕಾಲಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಪುಣೆ 40 ಡಿಗ್ರಿ ಮುಟ್ಟಿದಾಗ ಶಿವಾಜಿ ಚೌಕದಲ್ಲಿ ಹತ್ತು ನಿಮಿಷ ನಿಂತು ನೋಡಿ. ನನ್ನ ಹಳೇ ಗಾಡಿಯಲ್ಲಿ ಬಲಗಡೆ ಪ್ಯಾಂಟ್ ಕೆಳಗೆ ಚರ್ಮ ಕೆಂಪಾಗ್ತಿತ್ತು. ಕಂಪನಿ ಹೆಸರು ಬೇಡ, ಎಲ್ಲರದ್ದೂ ಇದೇ ಕಥೆ. ಸಿಲಿಂಡರ್ ಜಾಸ್ತಿ ಆದಷ್ಟೂ, ಪವರ್ ಜಾಸ್ತಿ ಆದಷ್ಟೂ ಹೊರಗೆ ಬರೋ ಶಾಖವೂ ಜಾಸ್ತಿ. 660 ತಗೊಳ್ಳಿ ಅಂತ ಹೇಳೋರು ಇದನ್ನೂ ಹೇಳಬೇಕು.

ಟೆಸ್ಟ್ ರೈಡ್ ಬೆಳಗ್ಗೆ ಎಂಟಕ್ಕೆ ಬೇಡ. ಮಧ್ಯಾಹ್ನ ಎರಡಕ್ಕೆ ಹೋಗಿ, ಫ್ಯಾನ್ ತಿರುಗೋವರೆಗೆ ಓಡಿಸಿ, ಆಮೇಲೆ ಸ್ಟಾರ್ಟ್‌ನಲ್ಲೇ ಐದು ನಿಮಿಷ ನಿಲ್ಲಿ. ಕಾಲಿಗೆ ಎಲ್ಲಿ ತಾಗುತ್ತೆ ಗೊತ್ತಾಗುತ್ತೆ.

ಕುಡ್ಲದ_ಟ್ರಿಪಲ್

ಬಿಸಿ ಉಂಟು, ಇಲ್ಲ ಅಂತ ಹೇಳುವುದಿಲ್ಲ. ಪ್ಯಾಡ್ ಇರುವ ರೈಡಿಂಗ್ ಪ್ಯಾಂಟ್ ಹಾಕಿದರೆ ಅಷ್ಟು ತಾಗುವುದಿಲ್ಲ.

ಮಲ್ನಾಡ್_ಪಾಷಾಣ್

ಆಫೀಸಿಗೆ ದಿನಾ ರೈಡಿಂಗ್ ಪ್ಯಾಂಟ್ ಹಾಕ್ಕೊಂಡು ಹೋಗೋರು ಎಷ್ಟು ಜನ ಇದಾರೆ ಹೇಳಿ.

ಠಾಣೆ_ಸುಬ್ಬಣ್ಣ

ಮುಂಬೈ ಕಡೆಯಿಂದ ಒಂದು ಮಾತು. ಟ್ರಾಫಿಕ್ಕೇ ತೊಂದರೆ ಅಂದರೆ ಹೋಂಡಾ ಸಿಬಿ650ಆರ್ ಇ-ಕ್ಲಚ್ ನೋಡಿ. ನಾಲ್ಕು ಸಿಲಿಂಡರ್, 649 ಸಿಸಿ. ಕ್ಲಚ್ ಲಿವರ್ ಇದೆ, ಹಿಡಿಯುವ ಅಗತ್ಯ ಇಲ್ಲ. ನಿಲ್ಲುವಾಗ, ಹೊರಡುವಾಗ, ಗೇರು ಬದಲಿಸುವಾಗ ಮೋಟಾರೇ ಕ್ಲಚ್ ನೋಡಿಕೊಳ್ಳುತ್ತೆ. ಘೋಡ್‌ಬಂದರ್ ರಸ್ತೆಯಲ್ಲಿ ಸಂಜೆ ಓಡಿಸಿದವನಿಗೆ ಅದರ ಬೆಲೆ ಗೊತ್ತು. ದುಬಾರಿ, ನಿಮ್ಮ ಪಟ್ಟಿಗಿಂತ ಬಹಳ ಮೇಲೆ. ಆದರೂ ತಿಳಿದಿರಲಿ.

ಬಾನೇರ್_ಹುಡ್ಗ

ಅಷ್ಟು ದುಡ್ಡಿದ್ರೆ ಸೆಕೆಂಡ್ ಹ್ಯಾಂಡ್ ಕಾರ್ ಬರುತ್ತಲ್ಲ ಸಾರ್.

ಠಾಣೆ_ಸುಬ್ಬಣ್ಣ

ಕಾರಿನಲ್ಲಿ ಅದೇ ಟ್ರಾಫಿಕ್‌ನಲ್ಲಿ ಎರಡು ಪಟ್ಟು ಹೊತ್ತು ಕೂರಬೇಕು.

ನಾನಾಪೇಠ್_ಸ್ಪೇರ್ಸ್

ನಾನು ನಾನಾ ಪೇಠ್‌ದಾಗ ಸ್ಪೇರ್ ಪಾರ್ಟ್ಸ್ ಅಂಗಡಿಯಾಗ ಇದ್ದೀನ್ರಿ, ಊರು ಇಂಡಿ. ಗಾಡಿ ಕೊಳ್ಳೋ ಮುಂದ ಎಲ್ಲಾರೂ ಪಿಕಪ್ ಕೇಳತಾರ, ಬ್ರೇಕ್ ಲಿವರ್ ಎಷ್ಟಕ್ಕ ಸಿಗತೈತಿ ಅಂತ ಯಾರೂ ಕೇಳಂಗಿಲ್ಲ. ನಿಂತಲ್ಲೆ ಒಮ್ಮೆ ಬಿದ್ದರ ಸಾಕು: ಲಿವರ್, ಇಂಡಿಕೇಟರ್, ಹ್ಯಾಂಡಲ್ ತುದಿ, ರೇಡಿಯೇಟರ್ ಮೂಲಿ. ನೇಕೆಡ್ ಗಾಡಿಗೆ ಫೇರಿಂಗ್ ಒಡಿಯೋ ಖರ್ಚು ಇಲ್ಲ, ಆದ್ರ ರೇಡಿಯೇಟರ್ ಎದ್ದು ಕಾಣೋ ಹಂಗ ಮುಂದ ಇರತೈತಿ. ಕಲ್ಲು ಸಿಡಿದು ತೂತಾದ್ರ ಗಾಡಿ ಅಲ್ಲೇ ನಿಂತಂಗ. ಮೊದಲ ದಿನಾನ ರೇಡಿಯೇಟರ್ ಗಾರ್ಡ್ ಹಾಕಸ್ರಿ.

ಡ್ಯೂಕ್, ಬಜಾಜ್, ರಾಯಲ್ ಎನ್‌ಫೀಲ್ಡ್ ಸಾಮಾನು ಪುಣೆದಾಗ ಕೇಳಿದ ದಿನಾನ ಸಿಗತಾವ. ದೊಡ್ಡ ಗಾಡಿ ಸಾಮಾನಿಗೆ ಕಾಯಬೇಕಾಗತೈತಿ. ಒಬ್ಬರು ಗಿರಾಕಿ ಒಂದು ಬ್ರೇಕ್ ಪೆಡಲ್‌ಗೆ ಒಂದು ತಿಂಗಳ ಮ್ಯಾಲೆ ಕಾದು, ಕಡಿಗೆ ಲೇಥ್‌ನಾಗ ಮಾಡಿಸಿಕೊಂಡು ಹೋದ್ರು. ಯಾವ ಕಂಪನಿ ಅಂತ ಹೇಳಂಗಿಲ್ಲ.

ಚೈನಿನ ಮಾತೂ ಹೇಳಿಬಿಡತೇನಿ. ಇಷ್ಟು ಟಾರ್ಕ್ ಇರೋ ಗಾಡಿಯೊಳಗ ಚೈನು ಬಿಗಿ ಇದ್ರ ಬೇರಿಂಗ್ ತಿಂತೈತಿ, ಸಡ್ಲ ಇದ್ರ ಹಲ್ಲು ತಿಂತೈತಿ. ಇಬ್ಬರು ಕುಂತು ಹೋಗೋರು ಇಬ್ಬರು ಕುಂತಾಗ ಸಡ್ಲ ಎಷ್ಟೈತಿ ನೋಡ್ರಿ. ನಡುವ ಬೆರಳಿನಿಂದ ಮ್ಯಾಲೆ ಎತ್ತಿ, ಮ್ಯಾನುವಲ್‌ನಾಗ ಬರದಷ್ಟು ಮಿಲಿಮೀಟರ್ ಆಟ ಇರಬೇಕು. ಮಳ್ಯಾಗ ತಾಮ್ಹಿಣಿ ಹೋಗಿ ಬಂದ್ರ ಮನಿ ಮುಟ್ಟಿದ ಸಂಜಿನ ಒರಸಿ ಲ್ಯೂಬ್ ಹೊಡೀರಿ, ಮರುದಿನಕ್ಕ ಬಿಡಬ್ಯಾಡ್ರಿ.

ಸೊಲ್ಲಾಪುರ_ಸಿಂಗಲ್

ಇಂಡಿಯೋರು ಅಂದ್ರ ನಮ್ಮ ಪೈಕಿನ ಆದ್ರಿ! ನಾನಾ ಪೇಠ್‌ದಾಗ ಎಲ್ಲಿ? ಒಂದು ಸ್ಪ್ರಾಕೆಟ್ (ಚೈನು ಕೂಡೋ ಹಲ್ಲಿನ ಚಕ್ರ) ಬೇಕಾಗಿತ್ತು. ಮುಂದಿಂದು ಒಂದು ಹಲ್ಲು ಕಡಿಮಿ ಮಾಡಿದ್ರ ಘಾಟ್‌ನಾಗ ಛಲೋ ಎಳಿತೈತಿ ಅಂತಾರ.

ನಾನಾಪೇಠ್_ಸ್ಪೇರ್ಸ್

ಎಳಿತೈತಿ ಖರೆ, ಹೈವೇದಾಗ ಅದೇ 80ಕ್ಕ ಆರ್‌ಪಿಎಂ ಏರಿ ನಿಲ್ಲತೈತಿ, ಎಣ್ಣಿನೂ ಜಾಸ್ತಿ ಕುಡಿತೈತಿ. ಮೆಸೇಜ್ ಮಾಡ್ರಿ, ಮಾತಾಡೋಣ.

ಹಡಪಸರ್_ಹರಿ

ಕಾರ್ನರಿಂಗ್ ಎಬಿಎಸ್ ಬೇಕೇ ಬೇಕಾ? ನಾವೆಲ್ಲ ಎಬಿಎಸ್ಸೇ ಇಲ್ಲದ ಗಾಡಿಯಲ್ಲಿ ಮಹಾಬಳೇಶ್ವರ ಹತ್ತಿಳಿದವರು. ಶೋಕಿಗೆ ದುಡ್ಡು ಸುರಿಯೋದು.

ಚಾಕಣ್_ಶಿಫ್ಟ್

ಶೋಕಿ ಅಲ್ಲ ಹರಿ ಅವರೇ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜೀವದ ವಿಷಯ.

ಮಾಮೂಲಿ ಎಬಿಎಸ್ ನೋಡೋದು ಎರಡೇ: ಮುಂದಿನ ಚಕ್ರದ ವೇಗ, ಹಿಂದಿನ ಚಕ್ರದ ವೇಗ. ಒಂದು ಚಕ್ರ ಇದ್ದಕ್ಕಿದ್ದಂತೆ ನಿಂತುಹೋಗ್ತಿದೆ ಅಂದ್ರೆ ಬ್ರೇಕಿನ ಒತ್ತಡ ಬಿಟ್ಟು ಬಿಟ್ಟು ಹಿಡಿಯುತ್ತೆ. ಗಾಡಿ ನೆಟ್ಟಗಿದ್ದಾಗ ಇದು ಸಾಕು. ತಿರುವಿನಲ್ಲಿ ವಾಲಿದಾಗ ಟೈರಿನ ಹಿಡಿತದ ಒಂದು ಪಾಲು ಗಾಡಿಯನ್ನ ತಿರುಗಿಸೋಕೆ ಖರ್ಚಾಗಿರುತ್ತೆ, ಬ್ರೇಕ್‌ಗೆ ಉಳಿದಿರೋದು ಮಿಕ್ಕಿದ ಪಾಲು ಮಾತ್ರ. ಗಾಡಿ ಎಷ್ಟು ವಾಲಿದೆ ಅಂತ ಮಾಮೂಲಿ ಎಬಿಎಸ್‌ಗೆ ಗೊತ್ತೇ ಆಗಲ್ಲ. ಕಾರ್ನರಿಂಗ್ ಎಬಿಎಸ್‌ನಲ್ಲಿ ಐಎಂಯು ಅನ್ನೋ ಸೆನ್ಸರ್ ಆ ವಾಲಿಕೆ ಅಳೆಯುತ್ತೆ, ಅದಕ್ಕೆ ತಕ್ಕ ಹಾಗೆ ಬ್ರೇಕ್ ಒತ್ತಡವನ್ನ ಮೊದಲೇ ಮಿತಿಯಲ್ಲಿಡುತ್ತೆ. ವಾಲಿದ ಗಾಡಿಗೆ ಜೋರಾಗಿ ಬ್ರೇಕ್ ಬಿದ್ರೆ ಅದು ಎದ್ದು ನಿಂತು ನೇರ ಹೋಗೋಕೆ ನೋಡುತ್ತೆ. ತಾಮ್ಹಿಣಿಯ ತಿರುವಿನಲ್ಲಿ ನೇರ ಹೋದ್ರೆ ಎದುರಿಗೆ ಬರೋ ಬಸ್ಸು, ಇಲ್ಲ ಕಣಿವೆ. ಜುಲೈ ತಿಂಗಳಲ್ಲಿ ಪಾಚಿ ಕಟ್ಟಿದ ರಸ್ತೆ, ತಿರುವು ದಾಟಿದ ತಕ್ಷಣ ಜಲಪಾತದ ಮುಂದೆ ನಿಲ್ಲಿಸಿರೋ ಕಾರುಗಳು. ಅಲ್ಲಿ ಯಾರೂ ಲೆಕ್ಕ ಹಾಕಿ ಬ್ರೇಕ್ ಒತ್ತಲ್ಲ, ಗಾಬರಿಯಲ್ಲಿ ಒತ್ತುತಾರೆ.

ಹಾಗಂತ ಭೌತಶಾಸ್ತ್ರದ ಮಿತಿಯನ್ನ ಅದು ದಾಟಿಸಲ್ಲ. ಟೈರ್ ಸವೆದಿದ್ರೆ ಯಾವ ಸೆನ್ಸರೂ ಕಾಪಾಡಲ್ಲ. ಆದರೆ ಮಳೆಯಲ್ಲಿ ಘಾಟ್‌ಗೆ ಹೋಗ್ತೀನಿ ಅಂತ ಬರೆದವರಿಗೆ ಕ್ವಿಕ್‌ಶಿಫ್ಟರ್‌ಗಿಂತ ಇದು ಹತ್ತು ಪಟ್ಟು ಮುಖ್ಯ. ಪಟ್ಟಿಯಲ್ಲಿ ಡ್ಯೂಕ್‌ಗೆ ಇದೆ, 2025ರ ಟ್ರೈಡೆಂಟ್‌ಗೆ ಬಂದಿದೆ. ಸ್ಪೀಡ್ 400, ಗೆರಿಲ್ಲಾ, ಝಡ್650 ಮೂರಕ್ಕೂ ಇಲ್ಲ.

ಹಡಪಸರ್_ಹರಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೂ ನಿಧಾನ ಹೋಗೋದಕ್ಕಿಂತ ದೊಡ್ಡ ಎಬಿಎಸ್ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಬಾನೇರ್_ಹುಡ್ಗ

ನೋಡಿ, ಸುತ್ತಿ ಬಳಸಿ ಡ್ಯೂಕ್‌ಗೇ ಬಂದ್ವಿ.

ಕೊತ್ರೂಡ್_ಸವಾರಿಣಿ

ಹಿಂದಿನ ಸೀಟು?

ಮಲ್ನಾಡ್_ಪಾಷಾಣ್

ಹೈವೇ ಬಗ್ಗೆ ಎರಡು ಮಾತು. ನಾಲ್ಕು ಪಥದ ರಸ್ತೆಯಲ್ಲಿ ಬೈಕಿಗೆ ವೇಗದ ಮಿತಿ 80. ನೇಕೆಡ್ ಬೈಕಲ್ಲಿ 100 ದಾಟಿದ ಮೇಲೆ ಗಾಳಿ ಎದೆಗೆ ಗುದ್ದುತ್ತೆ, ಕತ್ತು ಹಿಡ್ಕೊಳ್ಳುತ್ತೆ. ಹಾಗಾಗಿ ಟಾಪ್ ಸ್ಪೀಡ್ 160ಓ 200ಓ ಅನ್ನೋದು ಧಾರವಾಡಕ್ಕೆ ಹೋಗೋ ಎನ್‌ಎಚ್48 ಹೆದ್ದಾರಿ ಮೇಲೆ ಬರೀ ಮಾತು. ಕೆಲಸಕ್ಕೆ ಬರೋದು 60ರಿಂದ 90ಕ್ಕೆ ಎಷ್ಟು ಬೇಗ ಹೋಗುತ್ತೆ ಅನ್ನೋದು. ಲಾರಿ ಪಕ್ಕ ಇರೋ ಹೊತ್ತು ಕಡಿಮೆ ಆದಷ್ಟೂ ಒಳ್ಳೇದು. ಸಿಂಗಲ್‌ಗಳಲ್ಲಿ ಇಬ್ಬರು ಕೂತಾಗ ಒಂದು ಗೇರು ಇಳಿಸಬೇಕಾಗುತ್ತೆ, ಟ್ರೈಡೆಂಟ್ ಝಡ್650 ಇಳಿಸದೆ ದಾಟುತ್ತವೆ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಮತ್ತೆ ಸಾತಾರಾದಿಂದ ಕಾಗಲ್‌ವರೆಗೆ ಆರು ಪಥದ ಕೆಲಸದಿಂದ ಡೈವರ್ಷನ್ ಮೇಲೆ ಡೈವರ್ಷನ್. ಕಿತ್ತ ಡಾಂಬರು, ಜಲ್ಲಿ. ಸಸ್ಪೆನ್ಷನ್ ಸೆಟ್ ಮಾಡಿಸದೆ ಹೋಗ್ಬೇಡಿ. ಹಿಂದಿನ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಎಲ್ಲಾ ಗಾಡಿಯಲ್ಲೂ ತಿರುಗಿಸಬಹುದು. ಇಬ್ಬರೂ ಬ್ಯಾಗ್ ಸಮೇತ ಕೂತಾಗ ಸಸ್ಪೆನ್ಷನ್ ಕೆಳಗಿಳಿಯಬಲ್ಲ ಒಟ್ಟು ಅಳತೆಯ ಮೂರನೇ ಒಂದರಷ್ಟು ಕೆಳಗಿಳಿದ್ರೆ ಸರಿ. ಅರ್ಧ ಇಳಿದುಬಿಟ್ರೆ ಪ್ರತಿ ಗುಂಡಿಗೂ ಧಡ್ ಅಂತ ತಳ ಮುಟ್ಟುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ.

ಧಾರವಾಡ_ಟು_ವಾಕಡ್

ಎಣ್ಣಿ ಬಗ್ಗೆ ಒಂದು ಕೇಳಬೇಕಿತ್ತು. ಇ20 (20 ಭಾಗ ಎಥನಾಲ್ ಬೆರೆಸಿದ) ಪೆಟ್ರೋಲಿಂದ ಈ ಗಾಡಿಗಳಿಗೆ ತೊಂದರಿ ಐತೇನು? ಆಫೀಸಿನಾಗ ಒಬ್ಬರು ಹೆದರಿಸ್ಯಾರ.

ಚಾಕಣ್_ಶಿಫ್ಟ್

ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. 20 ಭಾಗ ಬೆರೆಸಿದ್ರೆ ಲೆಕ್ಕದ ಪ್ರಕಾರ 6-7 ಶೇಕಡಾ ಶಕ್ತಿ ಕಮ್ಮಿ, ಮೈಲೇಜ್ ಅಷ್ಟರ ಆಸುಪಾಸು ಇಳಿಯಬಹುದು. ಹೊಸ ಗಾಡಿಗಳ ರಬ್ಬರು, ಪೈಪು ಇ20ಗೆ ಒಗ್ಗೋ ಹಾಗೆ ಮಾಡಿರ್ತಾರೆ, ಹೆದರಬೇಡಿ. ಎಥನಾಲ್ ನೀರು ಹೀರುತ್ತೆ, ಹಾಗಾಗಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಇಡೋರು ಹುಷಾರಾಗಿರಬೇಕು. ದಿನಾ ಓಡಿಸೋರಿಗೆ ಚಿಂತೆ ಇಲ್ಲ.

ಬೆಳಗಾವಿ_ಬುಲೆಟ್

ಎಣ್ಣಿ ಬಿಡ್ರಿ, ಟ್ಯಾಕ್ಸ್ ಮಾತಾಡ್ರಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮ್ಯಾಲಿನ ಗಾಡಿಗೆ 40 ಪರ್ಸೆಂಟ್ ಜಿಎಸ್‌ಟಿ, ಮೊದಲು ಸೆಸ್ ಕೂಡಿ 31 ಇತ್ತು. 350ರ ಒಳಗಿಂದು 28ರಿಂದ 18ಕ್ಕ ಇಳೀತು. 349 ಸಿಸಿ ಗಾಡಿಗೂ 399 ಸಿಸಿ ಗಾಡಿಗೂ ಟ್ಯಾಕ್ಸಿನಾಗ ಇಷ್ಟು ಅಂತರ ಇರೋದು ನನಗಂತೂ ಅನ್ಯಾಯ ಅನಸತೈತಿ. ನಾಲ್ಕುನೂರು ಸಿಸಿ ಓಡಿಸಾವ ಏನು ಸಾಹುಕಾರನೇನ್ರಿ? ಆಫೀಸಿಗೆ ಹೋಗೋ ಮನುಷ್ಯಾನ ಅಲ್ಲೇನು?

ಹಡಪಸರ್_ಹರಿ

ನೂರಕ್ಕೆ ನೂರು ನಿಜ.

ಠಾಣೆ_ಸುಬ್ಬಣ್ಣ

ಕೆಲವು ಕಂಪನಿಗಳು ಆ ಹೊರೆಯನ್ನು ಕೆಲಕಾಲ ತಾವೇ ಹೊತ್ತವು. ಶೋರೂಮಿನಲ್ಲಿ ಇವತ್ತಿನ ಆನ್ ರೋಡ್ ಬೆಲೆಯನ್ನು ಬರೆಸಿಕೊಂಡು ಬನ್ನಿ, ಹಳೆಯ ಬೆಲೆ ನಂಬಬೇಡಿ.

ಸೊಲ್ಲಾಪುರ_ಸಿಂಗಲ್

ಧಾರವಾಡದಾಗ ಕೊಂಡು ಕೆಎ-25 ನಂಬರ್ ಹಾಕಿಸಿಕೊಂಡು ಬಂದ್ರ ಹೆಂಗ? ಊರಿನ ನಂಬರ್ ಪ್ಲೇಟ್ ನೋಡಿದ್ರ ಹೆಮ್ಮಿ.

ಮಲ್ನಾಡ್_ಪಾಷಾಣ್

ಬೇಡ. ಇಷ್ಟು ಬೆಲೆಯ ಗಾಡಿಗೆ ಕರ್ನಾಟಕದ ರಸ್ತೆ ತೆರಿಗೆ ಮಹಾರಾಷ್ಟ್ರಕ್ಕಿಂತ ಹೆಚ್ಚು. ಮೇಲಾಗಿ 12 ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲಿ ಇಟ್ಕೊಂಡ್ರೆ ಅಲ್ಲಿ ಮರುನೋಂದಣಿ ಮಾಡಿಸಬೇಕು: ಎನ್‌ಒಸಿ, ಇಲ್ಲಿ ಮತ್ತೆ ತೆರಿಗೆ, ಅಲ್ಲಿಂದ ವಾಪಸ್ ಪಡೆಯೋಕೆ ಓಡಾಟ. ವಾಕಡ್‌ನಲ್ಲಿ ಇರೋರು ಇಲ್ಲಿನ ಎಂಎಚ್-14 ನಂಬರ್ ಮಾಡಿಸಿ. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇದ್ರೆ ಬಿಎಚ್ (ಭಾರತ್) ಸರಣಿಯ ನಂಬರ್ ಕೇಳಿ ನೋಡಿ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಬಹುದು, ನಾಳೆ ಹುಬ್ಬಳ್ಳಿಗೆ ವರ್ಗ ಆದ್ರೂ ನಂಬರ್ ಬದಲಿಸೋ ಗೋಜಿಲ್ಲ.

ಧಾರವಾಡ_ಟು_ವಾಕಡ್

ಬಿಎಚ್ ಬಗ್ಗೆ ಎಚ್‌ಆರ್‌ಗೆ ಮೇಲ್ ಹಾಕಿದೆ. ನಮ್ಮ ಕಂಪನಿ ಬೆಂಗಳೂರು, ಹೈದರಾಬಾದ್, ಚೆನ್ನೈ ಎಲ್ಲಾ ಕಡೆ ಐತಿ, ಆಗಬಹುದು.

ಇಷ್ಟು ಓದಿದ ಮ್ಯಾಲೆ ಪಟ್ಟಿ ಸಣ್ಣದಾತು. ಟುವೊನೊ ಮನಸಿಗೆ ಭಾಳ ಹತ್ತಿತ್ತು, ಹಿಂದಿನ ಸೀಟಿನ ಸಲುವಾಗಿ ಬಿಟ್ಟೆ. ಈಗ ಗೆರಿಲ್ಲಾ ಇಲ್ಲಾ ಟ್ರೈಡೆಂಟ್. ಒಂದಕ್ಕ ಇನ್ನೊಂದಕ್ಕ ರೊಕ್ಕದಾಗ ಅಜಗಜಾಂತರ ಐತಿ, ಗೊತ್ತೈತಿ. ಶನಿವಾರ ಮಧ್ಯಾಹ್ನ ಇಬ್ಬರೂ ಹೋಗಿ ಎರಡೂ ಓಡಸ್ತೇವಿ. ಇಬ್ಬರೂ ಹೆಲ್ಮೆಟ್ ಹಾಕ್ಕೊಂಡ ಹೋಗತೇವಿ. ರಸ್ತೆ ಯಾವುದು ಹಿಡಿಯೋಣ?

ಕೊತ್ರೂಡ್_ಸವಾರಿಣಿ

ಶೋರೂಮಿನವರು ಬಿಟ್ರೆ ಚಾಂದನಿ ಚೌಕದಿಂದ ಪಿರಂಗುಟ್ ಕಡೆ. ಏರು, ಇಳಿಜಾರು, ಲಾರಿ, ಕೆಟ್ಟ ರಸ್ತೆ ಎಲ್ಲಾ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ಸಿಗುತ್ತೆ. ಹೋಗುವಾಗ ನೀವು ಓಡಿಸಿ, ಬರುವಾಗ ನೀವು ಐದು ನಿಮಿಷ ಹಿಂದೆ ಕೂತು ನೋಡಿ, ಅವರು ಏನು ಅನುಭವಿಸ್ತಾರೆ ಗೊತ್ತಾಗುತ್ತೆ. ಅವರಿಗೆ ಗೇರಿನ ಗಾಡಿ ಲೈಸೆನ್ಸ್ ಇದ್ರೆ ಮಾತ್ರ.

ಧಾರವಾಡ_ಟು_ವಾಕಡ್

ಐತ್ರಿ. ನನಗಿಂತ ಮೊದಲ ತಗೊಂಡಾಳ.

ಚಾಕಣ್_ಶಿಫ್ಟ್

ಹೊರಡೋ ಮುಂಚೆ ಟೆಸ್ಟ್ ರೈಡ್ ಗಾಡಿಯ ಟೈರ್ ಗಾಳಿ ನೋಡಿಸಿ, ಅಲ್ಲೇ ಗೇಜ್ ಇರುತ್ತೆ. ಕಡಿಮೆ ಗಾಳಿ ಇದ್ರೆ ಒಳ್ಳೇ ಗಾಡಿಯೂ ತಿರುವಿನಲ್ಲಿ ಭಾರ ಅನ್ಸುತ್ತೆ, ಸುಮ್ನೆ ಗಾಡಿ ಮೇಲೆ ತಪ್ಪು ಹೊರಿಸ್ತೀರ. ಮೂರನೇ ಗೇರಲ್ಲಿ 25ರಿಂದ ಎಕ್ಸಲರೇಟರ್ ಪೂರ್ತಿ ತಿರುಗಿಸಿ ನೋಡಿ, ಎರಡೂ ಗಾಡಿಯಲ್ಲಿ, ಅದೇ ಏರಿನಲ್ಲಿ. ಸೋಮವಾರ ಇಲ್ಲೇ ಬರೀರಿ.